ಹರಾಜು ಎನ್ನಬಾರದಂತೆ

ನನಗೆ ನನ್ನ ಷಡ್ಡಕನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಅವನು ಸೊರಬದವನು, ನಾನು ಶಿಕಾರಿಪುರದವನು. ನಾನು ಅಕ್ಕನನ್ನು ಮದುವೆಯಾದೆ, ಕೆಲವು ವರ್ಷ ಬಿಟ್ಟು ಅವನು ತಂಗಿಯನ್ನು ಮದುವೆಯಾದ. ಅಲ್ಲಿಯವರೆಗೆ ಮಾವನ ಮನೆಯಲ್ಲಿ ನಾನೊಬ್ಬನೇ ಅಳಿಯ. ಅವನು ಬಂದ ಮೊದಲ ಹಬ್ಬದಲ್ಲೇ, ಅತ್ತೆ ಹೋಳಿಗೆಗೆ ತುಪ್ಪ ಬಡಿಸುತ್ತ ನನ್ನ ಎಲೆಯ ಹತ್ತಿರ ಬರುವಷ್ಟರಲ್ಲಿ ತುಪ್ಪದ ಗಿಂಡಿ ಬರಿದಾಗಿತ್ತು. ಒಳಗೆ ಹೋಗಿ ಮತ್ತೆ ತಂದರು, ಇಲ್ಲವೆನ್ನುವುದಿಲ್ಲ. ಆದರೆ ಗಿಂಡಿ ಬರಿದಾದದ್ದು ಯಾರ ಎಲೆಯ ಮೇಲೆ ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ.

ಅವನಿಗೆ ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಅಂಗಡಿ. ನನಗೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ. ವ್ಯಾಪಾರದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಆದರೆ ಅವನು ಮೆತ್ತಗೆ ಮಾತಾಡುತ್ತಾನೆ. ಎದುರಿಗಿದ್ದವರು ತಲೆ ಮುಂದೆ ಬಾಗಿಸಿ ಕೇಳುತ್ತಾರೆ, ಕೇಳಿ ತಲೆದೂಗುತ್ತಾರೆ. ನಾನು ಬಾಯಿ ತೆರೆದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ‘ನನ್ನ ತಂಗಿ ಗಂಡನ್ನ ನೋಡಿ ಕಲೀರಿ’ ಎಂದು ನನ್ನ ಹೆಂಡತಿ ಬಾಯಿಬಿಟ್ಟು ಯಾವತ್ತೂ ಹೇಳಿಲ್ಲ. ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಅವನಿಗಿಲ್ಲದೆ ನನಗಿದ್ದದ್ದು ಒಂದೇ, ಗಂಟಲು. ಗಣಪತಿ ಬಿಡುವ ದಿನ ನಮ್ಮ ಓಣಿಯ ಪೆಂಡಾಲಿನಲ್ಲಿ ದೇವರ ಹಾರ, ಲಾಡು, ತೆಂಗಿನಕಾಯಿ ಹರಾಜು ಹಾಕುತ್ತಾರಲ್ಲ, ಮೀಸೆ ಚಿಗುರಿದ ಕಾಲದಿಂದ ಅದನ್ನು ಕೂಗುತ್ತ ಬಂದವನು ನಾನು. ‘ಒಂದನೇ ಸಲ’ ಎಂದಾಗ ಮುಂದೆ ಕೂತವರು ಎಚ್ಚರವಾಗಬೇಕು, ‘ಎರಡನೇ ಸಲ’ ಎಂದಾಗ ಹಿಂದೆ ನಿಂತವನ ಎದೆ ಹೊಡೆದುಕೊಳ್ಳಬೇಕು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮೂರನೇ ಸಲ’ ಎಂದು ಬಿಡಬೇಕು. ಆ ಸುಮ್ಮನಿರುವ ಹೊತ್ತು ಎಷ್ಟಿರಬೇಕು ಎನ್ನುವುದನ್ನು ಯಾರೂ ಯಾರಿಗೂ ಹೇಳಿಕೊಡಲಾಗುವುದಿಲ್ಲ. ನನಗೆ ಅದು ಗೊತ್ತಿತ್ತು.

ಹಾಗಾಗಿ ಎರಡೂ ತಾಲ್ಲೂಕಿನವರು ಸೇರಿ ಕಬಡ್ಡಿ ಲೀಗ್ ಶುರುಮಾಡಿದಾಗ ಆಟಗಾರರ ಹರಾಜು ಕೂಗುವವರು ಯಾರು ಎನ್ನುವ ಪ್ರಶ್ನೆಯೇ ಬರಲಿಲ್ಲ. ಟೀವಿಯಲ್ಲಿ ಬರುವ ಲೀಗಿನದೇ ನಕಲು ಅದು. ಮ್ಯಾಟು, ಬೆನ್ನ ಮೇಲೆ ಹೆಸರಿರುವ ಬನಿಯನ್, ಆಡುವವರಿಗೆ ಸಂಭಾವನೆ, ತಂಡಕ್ಕೊಬ್ಬ ದುಡ್ಡು ಹಾಕುವ ಮಾಲೀಕ. ಸೊರಬದ ತಂಡದ ಮಾಲೀಕ ಯಾರು ಎಂದು ಬೇರೆ ಹೇಳಬೇಕೇ? ನನ್ನ ಷಡ್ಡಕನೇ. ಇರಲಿ ಅಂದುಕೊಂಡೆ. ಅವನು ಕೆಳಗೆ ಕುರ್ಚಿಯಲ್ಲಿ ಕೂತು ಕೈಯೆತ್ತುತ್ತಾನೆ, ನಾನು ಮೇಲೆ ವೇದಿಕೆಯಲ್ಲಿ ಮೈಕ್ ಹಿಡಿದು ನಿಲ್ಲುತ್ತೇನೆ. ವರ್ಷಕ್ಕೊಂದು ದಿನ ಅವನು ತಲೆಯೆತ್ತಿ ನನ್ನನ್ನು ನೋಡಬೇಕಿತ್ತು. ಆ ಒಂದು ಭಾನುವಾರಕ್ಕಾಗಿ ನಾನು ಉಳಿದ ದಿನಗಳನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ.

ಕಲ್ಯಾಣಮಂಟಪದ ವೇದಿಕೆಗೆ ಆಟಗಾರ ಬಂದು ನಿಂತರೆ ನಾನು ಅವನ ಊರು, ಆಟ ಹೇಳಿ, ಆಮೇಲೆ ನನ್ನದೇ ಧಾಟಿಯಲ್ಲಿ ಶುರುಮಾಡುತ್ತಿದ್ದೆ. ‘ನೋಡ್ರಿ ಹೋರಿ! ಹಲ್ಲು ಕೂಡೈತಿ, ಸುಳಿ ಶುದ್ಧ ಐತಿ, ನೊಗಕ್ಕೆ ಹೆಗಲು ಕೊಟ್ರೆ ತಿರುಗಿ ನೋಡಂಗಿಲ್ಲ!’ ಜನ ಬಿದ್ದು ಬಿದ್ದು ನಗುತ್ತಿದ್ದರು. ದನದ ಸಂತೆಯ ಈ ಮಾತೆಲ್ಲ ನಾನು ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಹೋಗಿ ಕಿವಿಗೆ ಹಾಕಿಕೊಂಡದ್ದು.

ಅಪ್ಪ ದನದ ದಲ್ಲಾಳಿ. ಜೋಡಿ ಎತ್ತಿನ ವ್ಯಾಪಾರ ಕುದುರಿಸುವುದರಲ್ಲಿ ಸುತ್ತಲಿನ ಸಂತೆಗಳಲ್ಲೆಲ್ಲ ಅವನಿಗೆ ಹೆಸರಿತ್ತು. ಅದು ಟವೆಲ್ಲಿನ ಕೆಳಗಿನ ವ್ಯಾಪಾರ. ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತಿ ಬೆಲೆ ಹೇಳುತ್ತಿದ್ದ. ಮೇಲೆ ಇಬ್ಬರೂ ಮಳೆ-ಬೆಳೆಯ ಮಾತಾಡುತ್ತಿರುತ್ತಾರೆ, ಕೆಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ. ಆ ಬೆರಳಿನ ಭಾಷೆಯನ್ನು ಅಪ್ಪ ನನಗೆ ಕಲಿಸಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಅದು ಯಾರಿಗೆ ಬೇಕು ಎಂದು ನಾನೂ ಕೇಳಲಿಲ್ಲ.

ಅವನು ಕಲಿಸಿದ್ದು ನನ್ನ ಷಡ್ಡಕನಿಗೆ. ಗಣಪತಿ ಬಿಡುವ ದಿನ ನಾದಿನಿಯೂ ಅವನೂ ನಮ್ಮ ಮನೆಗೆ ಬರುತ್ತಿದ್ದರು. ನಾನು ಪೆಂಡಾಲಿನಲ್ಲಿ ಕೂಗುತ್ತಿದ್ದರೆ ಅವನು ನಮ್ಮ ಮನೆಯ ಜಗಲಿಯಲ್ಲಿ ಅಪ್ಪನ ಪಕ್ಕ ಕೂತಿರುತ್ತಿದ್ದ. ನಾನು ವಾಪಸ್ ಬರುವಾಗ ಇಬ್ಬರ ಕೈಯೂ ಒಂದೇ ಟವೆಲ್ಲಿನ ಕೆಳಗೆ. ನನ್ನನ್ನು ನೋಡಿದ ಕೂಡಲೇ ಅಪ್ಪ ಕೈ ತೆಗೆದು, ‘ಬಿಸಿನೀರು ಕುಡಿ, ಗಂಟಲು ಕೆಟ್ಟೀತು’ ಎನ್ನುತ್ತಿದ್ದ. ನನ್ನ ಕೂಗಿನ ಬಗ್ಗೆ ಅಪ್ಪ ಆಡಿದ್ದು ಅಷ್ಟೇ ಮಾತು. ಒಳ್ಳೆಯದಾಯಿತು ಎಂದು ಒಂದು ಸಲವೂ ಹೇಳಲಿಲ್ಲ. ಸಾಯುವವರೆಗೂ ಹೇಳಲಿಲ್ಲ. ಹೆತ್ತ ಮಗ ನಾನು, ಬೆರಳು ಹಿಡಿದು ಕೂತದ್ದು ಇನ್ನೊಬ್ಬನದು. ತುಪ್ಪ ಹೋದರೆ ಹೋಗಲಿ, ಇದನ್ನು ನಾನು ನುಂಗಿಕೊಳ್ಳಲಾರೆ.

ಇಷ್ಟು ಹಿನ್ನೆಲೆ ಗೊತ್ತಿದ್ದರೆ ಮುಂದೆ ನಡೆದದ್ದು ನನಗೆ ಯಾಕಷ್ಟು ಉರಿಯಿತು ಎಂಬುದು ತಿಳಿಯುತ್ತದೆ.

ಹೋದ ವರ್ಷದ ಹರಾಜಿನಲ್ಲಿ ಗುಡವಿ ಕಡೆಯ ಒಬ್ಬ ರೈಡರ್ ವೇದಿಕೆಗೆ ಬಂದ. ಮೂವತ್ತು ದಾಟಿದ, ಮಂಡಿಗೆ ಪಟ್ಟಿ ಸುತ್ತಿಕೊಂಡ ಗಂಡಸು. ಹಿಂದಿನ ವರ್ಷ ಚೆನ್ನಾಗಿಯೇ ಆಡಿದ್ದ. ಆದರೆ ಮಂಡಿಯ ಪಟ್ಟಿ ನೋಡಿ ಯಾವ ಮಾಲೀಕನೂ ಕೈಯೆತ್ತಲಿಲ್ಲ. ವೇದಿಕೆಯ ಮೇಲೆ ಮೌನ ನಿಂತರೆ ಹರಾಜು ಕೂಗುವವನಿಗೆ ಉಸಿರು ಕಟ್ಟುತ್ತದೆ. ‘ಕೇಳೋರಿಲ್ಲದ ಮಾಲು! ಸಂತೆ ಮುಗೀತು, ಹೊಡ್ಕೊಂಡು ಮನೀಗೆ ಹೋಗ್ರಪ್ಪೋ!’ ಎಂದೆ. ಸಭೆಯೆಲ್ಲ ನಕ್ಕಿತು. ಆ ಆಟಗಾರನೂ ನಕ್ಕ. ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಮಾತ್ರ ಎದ್ದು ಹೊರಗೆ ಹೋದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು.

ಈ ವರ್ಷ ಲೀಗಿಗೆ ಮುಂಚೆ ಸೊರಬದಲ್ಲಿ ಸಭೆ ಕರೆದರು. ವಿಷಯ ಒಂದೇ, ನಾವು ಬಳಸುವ ಪದಗಳು. ಸಭೆ ಕರೆಯಬೇಕೆಂದು ಹಟ ಹಿಡಿದವನು ನನ್ನ ಷಡ್ಡಕನಂತೆ. ನನಗೆ ತಕ್ಷಣ ಹೊಳೆಯಿತು, ಇದು ನನ್ನ ಮೈಕಿನ ಬುಡಕ್ಕೆ ಇಟ್ಟ ಕೊಡಲಿ. ಎಲ್ಲ ಇದ್ದವನಿಗೆ ನನ್ನ ಒಂದು ಭಾನುವಾರವೂ ಬೇಕಾಯಿತಲ್ಲ ಎಂದು ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಸೊರಬಕ್ಕೆ ಹೋದೆ.

ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುವ ಮೇಡಂ ಒಬ್ಬರು ನಮ್ಮ ಲೀಗಿನ ರೆಫರಿ. ಅವರೇ ಮಾತು ತೆಗೆದರು.

‘ಹರಾಜು, ಮಾಲೀಕ, ಮಾಲು, ಬಿಕರಿ. ಇಷ್ಟನ್ನ ಬಿಡಿ ಅಂತ ಆಟಗಾರರು ಕೇಳ್ತಿದ್ದಾರೆ. ಇದರಲ್ಲಿ ತಪ್ಪೇನಿದೆ? ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಅನ್ನೋದನ್ನ ಬಿಟ್ಟು ಬ್ಯಾಟರ್ ಅಂತಿಲ್ವಾ? ಹೆಣ್ಣುಮಕ್ಕಳೂ ಆಡ್ತಾರೆ ಅಂತ ತಾನೆ?’

‘ಹಂಗಾರೆ ನಾಳೆಯಿಂದ ಕರೆಂಟ್ ಹೋದ್ರೆ ಲೈನ್‌ಮನ್‌ಗೆ ಫೋನ್ ಮಾಡೋದೂ ಬಿಡಾಣೇನ್ರೀ ಮೇಡಂ?’ ಎಂದೆ. ಎಲ್ಲರೂ ನಕ್ಕರು. ನಗು ನನ್ನ ಕಡೆಗಿದೆ ಎಂದು ಧೈರ್ಯ ಬಂತು. ‘ಟೀವಿಯೊಳಗೆ ದೊಡ್ಡ ದೊಡ್ಡ ಆಟಗಾರ್ರನ್ನೇ ಹರಾಜು ಹಾಕ್ತಾರ. ಅವ್ರಿಗೆ ಆಗದ ಅವಮಾನ ನಮ್ಮೋರಿಗೆ ಎಲ್ಲಿಂದ ಬಂತ್ರೀ?’

ಮೇಡಂ ಸುಮ್ಮನಿರುವವರಲ್ಲ. ‘ಅವರು ಹರಾಜಾದ ಮಾರನೇ ದಿನ ವಿಮಾನ ಹತ್ತುತ್ತಾರೆ ಸಾರ್. ನಮ್ಮೋರು ಮಾರನೇ ದಿನ ಅದೇ ಮಾಲೀಕರ ಅಂಗಡಿ ಮುಂದೆ ನಡ್ಕೊಂಡು ಹೋಗ್ಬೇಕು’ ಎಂದರು.

ಆಗ ಬಳ್ಳಿಗಾವಿ ತಂಡದ ಮಾಲೀಕ ಎದ್ದು ನಿಂತ. ಸದಾ ಹೆಗಲ ಮೇಲೆ ಟವೆಲ್ ಇರುವ ರೈತ. ‘ನಾನು ನಿಜ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ಗೇಣಿ ಮಾಡ್ತಿದ್ದ. ಕಂಡೋರಿಗೆಲ್ಲ ಧಣಿ, ಧಣಿ ಅಂತ ಬಗ್ಗಿ ಬಗ್ಗಿ ಬೆನ್ನು ಬಾಗಿ ಹೋಗಿತ್ತು. ಈಗ ಮೈಕಿನಾಗೆ ನನ್ನ ಮಾಲೀಕ್ರು ಅಂತ ಕೂಗಿದ್ರೆ ನಂಗೆ ಖುಷಿ ಆಗ್ತೈತಿ. ಆ ಹೆಸರು ನಂಗೆ ಬೇಕು. ನಮಗೆ ಸಿಗೋ ಹೊತ್ತಿಗೇ ಆ ಪದ ಕೆಟ್ಟದಾತಾ?’

ಮೇಡಂ ಕೂಡ ತಲೆದೂಗಿದರು. ನಾನು ಗೆದ್ದೆ ಎಂದೇ ತಿಳಿದೆ.

ನನ್ನ ಷಡ್ಡಕ ಎದ್ದ. ಎಂದಿನಂತೆ ಮೆತ್ತಗೆ ಶುರುಮಾಡಿದ, ಎಂದಿನಂತೆ ಎಲ್ಲರೂ ತಲೆ ಮುಂದೆ ಬಾಗಿಸಿದರು.

‘ನಮ್ಮ ಈ ಅಣ್ಣಾರ ತಂದೆ ದನದ ದಲ್ಲಾಳಿ ಆಗಿದ್ರು.’ ನನ್ನ ಕಡೆ ಕೈ ತೋರಿಸಿದ. ‘ ನಾನೊಂದು ಸಲ ಕೇಳಿದ್ದೆ, ಈ ಟವೆಲ್ ಎಂತಕ್ಕೆ, ಬಾಯಲ್ಲಿ ಹೇಳಿದ್ರೆ ಆಗೋದಿಲ್ವಾ ಅಂತ. ಪಕ್ಕದೋನಿಗೆ ಬೆಲೆ ಗೊತ್ತಾಗಬಾರ್ದು ಅನ್ನೋದು ಒಂದು. ಇನ್ನೊಂದು ಹೇಳಿದ್ರು. ಎತ್ತು ಅಲ್ಲೇ ನಿಂತಿರ್ತದೆ ಕಣೋ, ಅದರೆದುರಿಗೆ ಅದರ ಬೆಲೆ ಆಡಬಾರ್ದು, ಅದಕ್ಕೆ ಬಾಯಿಲ್ಲ ಅಂದ್ರೆ ಕಿವಿ ಇಲ್ಲ ಅಂತಲ್ಲ ಅಂದ್ರು.’ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಎತ್ತಿನ ಮುಂದೆ ಹೇಳದ್ದನ್ನ ನಾವು ಮನುಷ್ಯನ ಮುಂದೆ ಮೈಕಲ್ಲಿ ಕೂಗ್ತಿದೀವಲ್ಲ ಮಾರಾಯ್ರೆ.’

ಚಪ್ಪಾಳೆ ಬಿತ್ತು. ಬಳ್ಳಿಗಾವಿಯವನೂ ತಟ್ಟಿದ. ನನ್ನ ಮೈಯೆಲ್ಲ ಉರಿದುಹೋಯಿತು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಗಿತ್ತು, ನಿಜ. ಆದರೆ ಉರಿದದ್ದು ಅದಕ್ಕಲ್ಲ. ಅಪ್ಪ ಈ ಮಾತನ್ನು ನನಗೆ ಹೇಳಿರಲಿಲ್ಲ. ನನ್ನ ಅಪ್ಪನ ಮಾತನ್ನು ನಾನು ಸೊರಬದ ಸಭೆಯಲ್ಲಿ, ಷಡ್ಡಕನ ಬಾಯಿಂದ, ಮೊದಲ ಸಲ ಕೇಳಿದೆ. ಅದಕ್ಕಿಂತ ಹೆಚ್ಚಾಗಿ, ಆ ಸುಮ್ಮನಿರುವ ಹೊತ್ತು ಇದೆಯಲ್ಲ, ಅದನ್ನು ಅವನು ಸರಿಯಾಗಿ ಹಿಡಿದಿದ್ದ.

ಆಮೇಲೆ ಚರ್ಚೆ ಎಲ್ಲೆಲ್ಲಿಗೋ ಹೋಯಿತು. ಹರಾಜಿಗೆ ‘ಆಯ್ಕೆ’ ಎಂದಾಯಿತು. ಯಾರೂ ಕೇಳದವನಿಗೆ ‘ಮುಂದಿನ ಸುತ್ತಿಗೆ’ ಎಂದಾಯಿತು. ಮಾಲೀಕನಿಗೆ ‘ಪೋಷಕ’ ಎಂದರೆ ಮಕ್ಕಳ ಸ್ಕೂಲು ನೆನಪಾಗುತ್ತದೆ ಎಂದರು, ‘ಯಜಮಾನ’ ಎಂದರೆ ಹೆಂಡತಿ ಕರೆದ ಹಾಗಾಗುತ್ತದೆ ಎಂದರು. ಕೊನೆಗೆ ‘ಮುಖ್ಯಸ್ಥ’ ಎಂದು ನಿಂತಿತು. ಬಳ್ಳಿಗಾವಿಯವನು, ತಾನು ಆಗಲೇ ಮಾಡಿಸಿದ ಬ್ಯಾನರಿನಲ್ಲಿ ಈ ವರ್ಷದ ಮಟ್ಟಿಗೆ ಮಾಲೀಕ ಅಂತಲೇ ಇರಲಿ ಎಂದು ಬೇಡಿಕೊಂಡ. ಅಷ್ಟಕ್ಕೆ ಎಲ್ಲರೂ ಒಪ್ಪಿದರು.

‘ಪದ ಬದಲಿಸಿ ಬೆಲೆ ಹಾಗೇ ಕೂಗಿದ್ರೆ ಏನು ಬಂತು?’ ಎಂದರು ಮೇಡಂ. ಚೀಟಿಯಲ್ಲಿ ಬರೆದು ಕೊಡೋಣವೆಂದರೆ ಚೀಟಿಯ ಫೋಟೋ ಸಂಜೆಯೊಳಗೆ ವಾಟ್ಸಾಪಿನಲ್ಲಿರುತ್ತದೆ. ಆಗ ಬಳ್ಳಿಗಾವಿಯವನು ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹೊಡೆದ. ‘ಟವೆಲ್ ಹಾಕೇ ಮಾಡಾಣ್ರೀ! ಒಬ್ಬೊಬ್ರೇ ಹೋಗಿ ಬೆರಳು ಒತ್ತಿ ಬರಾಣ. ಕೂಗೋರು ಯಾವ ತಂಡ ಅಂತಷ್ಟೇ ಹೇಳ್ಲಿ.’

ಎಲ್ಲರಿಗೂ ಇಷ್ಟವಾಯಿತು. ಮುಖ್ಯಸ್ಥರಲ್ಲಿ ಹೆಚ್ಚಿನವರು ಸಂತೆಯಲ್ಲಿ ಎತ್ತು ಕೊಂಡು ಮಾರಿದವರೇ. ಕೈ ಹಿಡಿಯುವವನು ಯಾವ ತಂಡದವನೂ ಆಗಿರಬಾರದು, ನಂಬಿಕೆಯ ಮನುಷ್ಯನಾಗಿರಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ‘ದಲ್ಲಾಳರ ಮಗ ಇವ್ರು. ಬೆರಳಿನ ಲೆಕ್ಕ ಇವ್ರಿಗೆ ಹೇಳಿಕೊಡ್ಬೇಕೇನ್ರೀ?’ ಎಂದ ಬಳ್ಳಿಗಾವಿಯವನು.

ನನಗೆ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಎದುರಿಗೆ ಷಡ್ಡಕ ಕೂತಿದ್ದ. ಅವನಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ ಎಂದು ಅವನ ಊರಿನಲ್ಲಿ ನಿಂತು ಹೇಳುವುದಕ್ಕಿಂತ ನಾಲಗೆ ಸೇದಿಹೋದರೂ ವಾಸಿ. ‘ಅದೇನ್ ಮಹಾ, ಮನೀ ವಿದ್ಯೆ’ ಎಂದುಬಿಟ್ಟೆ. ಷಡ್ಡಕ ನೆಲ ನೋಡುತ್ತ ಕೂತಿದ್ದ. ಅವನು ಆಡದೆ ಉಳಿಸಿದ ಮಾತಿಗೂ ನನಗೆ ಸಿಟ್ಟು ಬಂತು.

ಊರಿಗೆ ಬಂದು ಹುಡುಕಿದೆ. ಅಪ್ಪನ ಜೊತೆಯ ದಲ್ಲಾಳಿಗಳು ಒಬ್ಬರೂ ಉಳಿದಿರಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಯಾವ ಯಾವುದೋ ಸೀಮೆಯ ಸಂತೆಗಳು, ಒಂದೊಂದು ಕಡೆ ಒಂದೊಂದು ಲೆಕ್ಕ. ಊಟಕ್ಕೆ ಕೂತಾಗ ನಾನು ನನ್ನದೇ ಬೆರಳು ಒತ್ತಿಕೊಳ್ಳುವುದನ್ನು ನೋಡಿ ಹೆಂಡತಿ, ‘ಕೈ ನೋಯ್ತೈತೇನ್ರೀ?’ ಎಂದಳು. ಹೇಳಿದೆ. ಹೇಳಬಾರದಿತ್ತು. ಅಕ್ಕ-ತಂಗಿಯರ ಫೋನಿಗೆ ಬಿದ್ದ ಮಾತು ಸೊರಬ ಮುಟ್ಟಲು ಬಸ್ಸಿನಷ್ಟು ಹೊತ್ತು ಬೇಕಾಗುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಷಡ್ಡಕ ನನ್ನ ಅಂಗಡಿಗೆ ಬಂದ. ಹೆಗಲ ಮೇಲೆ ಟವೆಲ್. ಯಾವತ್ತೂ ಹಾಕಿದವನಲ್ಲ. ‘ಒಂದು ಚೀಲ ಯೂರಿಯಾ ಬೇಕಿತ್ತು ಅಣ್ಣಾ’ ಎಂದ. ಸೊರಬದಲ್ಲಿ ಯೂರಿಯಾ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಚೀಲ ತೋರಿಸುವ ನೆಪದಲ್ಲಿ ಇಬ್ಬರೂ ಗೋದಾಮಿಗೆ ಹೋದೆವು. ಚೀಲಗಳ ಮೇಲೆ ಎದುರುಬದುರು ಕೂತೆವು. ಅವನು ಟವೆಲ್ ಹೊದಿಸಿ ನನ್ನ ಬೆರಳು ಹಿಡಿದ.

ಪೂರ್ತಿ ಬೆರಳು ಹಿಡಿದರೆ ಎಷ್ಟು, ಗಿಣ್ಣಿನ ತನಕ ಹಿಡಿದರೆ ಎಷ್ಟು, ಅಂಗೈ ಕೆರೆದರೆ ಏನು, ಎಲ್ಲ ಹೇಳಿಕೊಟ್ಟ. ತಪ್ಪಿದಾಗ ನಗಲಿಲ್ಲ. ಒಂದು ಸಲ ನನ್ನ ಬೆರಳನ್ನು ಬಿಗಿಯಾಗಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಆಮೇಲೆ ಬಿಟ್ಟ. ‘ಅಪ್ಪಾರು ಹೀಂಗೇ ಹಿಡೀತಿದ್ರು’ ಎಂದ. ಅಪ್ಪ ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. ಅಪ್ಪನ ಹಿಡಿತ ಹೇಗಿತ್ತು ಎಂದು ನನಗೆ ಗೊತ್ತಾದದ್ದು ಗೊಬ್ಬರದ ವಾಸನೆಯ ಆ ಗೋದಾಮಿನಲ್ಲಿ. ಕಣ್ಣು ತುಂಬಿ ಬಂತು. ಯೂರಿಯಾ ಘಾಟು ಎಂದೆ.

‘ನಂಗ್ಯಾಕೆ ಕಲಿಸ್ಲಿಲ್ಲ ಅಪ್ಪ? ನಿನಗೇನಾರ ಹೇಳಿದ್ನಾ?’ ಎಂದು ಕೇಳಿಯೇಬಿಟ್ಟೆ. ಅವನು ಟವೆಲ್ ಮಡಿಸುತ್ತ, ‘ಬಸ್ಸಿಗೆ ಹೊತ್ತಾಯ್ತು’ ಎಂದ. ಯೂರಿಯಾ ಅಲ್ಲೇ ಬಿಟ್ಟು ಹೋದ.

ಆಯ್ಕೆಯ ಭಾನುವಾರ ಬಂತು. ಕಲ್ಯಾಣಮಂಟಪ ತುಂಬಿತ್ತು. ವೇದಿಕೆಯ ಮೇಲೆ ನಾನು, ಒಂದು ಮೇಜು, ಒಂದು ಟವೆಲ್, ಒಂದು ಮೈಕ್. ಆಟಗಾರನ ಹೆಸರು ಹೇಳಿ, ಆಟ ಹೇಳಿ ಮೈಕ್ ಕೆಳಗಿಡುತ್ತಿದ್ದೆ. ಹೋರಿಯಿಲ್ಲ, ಹಲ್ಲಿಲ್ಲ, ಸುಳಿಯಿಲ್ಲ. ಆಟಗಾರ ಬೇಕಾಗಲಿ ಬಿಡಲಿ, ಮುಖ್ಯಸ್ಥರೆಲ್ಲ ಒಬ್ಬೊಬ್ಬರೇ ಬಂದು ಟವೆಲ್ಲಿನ ಕೆಳಗೆ ಕೈಯಿಟ್ಟು ಹೋಗುತ್ತಿದ್ದರು. ಬಳ್ಳಿಗಾವಿಯವನು ಬೆರಳು ಒತ್ತಿದ್ದಲ್ಲದೆ ಬೆಲೆಯನ್ನು ಬಾಯಲ್ಲೂ ಪಿಸುಗುಟ್ಟುತ್ತಿದ್ದ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೂಗುವುದಕ್ಕಿಂತ ಇದು ಚೆನ್ನಾಗಿತ್ತು. ಇದನ್ನು ಒಪ್ಪುವುದು ನನಗೆ ಕಷ್ಟ, ಆದರೆ ಚೆನ್ನಾಗಿತ್ತು.

ಗುಡವಿಯ ರೈಡರ್ ಈ ವರ್ಷವೂ ಬಂದ. ಮಂಡಿಯ ಪಟ್ಟಿ ಹಾಗೇ ಇತ್ತು. ಅವನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಲ್ಲರೂ ಕೈಯಿಟ್ಟು ಹೋದರು, ಬೆರಳು ಒತ್ತಿದ್ದು ಒಂದೇ ಕೈ. ನೋಡದೆಯೇ ಗೊತ್ತಾಯಿತು, ಅಪ್ಪನ ಹಿಡಿತ. ಆಮೇಲೆ ಮೈಕ್ ತೆಗೆದುಕೊಂಡು, ‘ಇವರು ಈ ವರ್ಷ ಸೊರಬದ ತಂಡಕ್ಕೆ ಆಡ್ತಾರೆ’ ಎಂದು ನನ್ನ ಎಂದಿನ ಗಂಟಲಿನಲ್ಲಿ ಕೂಗಿದೆ. ಒಬ್ಬನೇ ಕೇಳಿದ್ದು, ಎಷ್ಟಕ್ಕೆ ಕೇಳಿದ್ದು ಎಂದು ಯಾರಿಗೂ ತಿಳಿಯಲಿಲ್ಲ. ಅವನ ಹೆಂಡತಿ ಚಪ್ಪಾಳೆ ತಟ್ಟಿದಳು. ತಟ್ಟುತ್ತ ನೋಡಿದ್ದು ನನ್ನ ಷಡ್ಡಕನನ್ನು.

ಎಲ್ಲ ಮುಗಿದ ಮೇಲೆ ಮಂಟಪದ ಹಿಂದೆ ಚಹಾ ಕುಡಿಯುತ್ತ ನಿಂತಿದ್ದೆ. ಷಡ್ಡಕ ಬಂದು ಪಕ್ಕದಲ್ಲಿ ನಿಂತ.

‘ಅಣ್ಣಾ, ಆವತ್ತು ಕೇಳಿದ್ರಲ್ಲ ನೀವು. ಹೇಳ್ದೆ ಎದ್ದು ಹೋದೆ ನಾನು. ಅಪ್ಪಾರು ನಂಗೆ ಬೆರಳು ಕಲಿಸ್ತಾ ಕೂತಿದ್ರೂ ಕಿವಿ ಪೂರಾ ನಿಮ್ಮ ಮೈಕಿನ ಕಡೆನೇ ಇರ್ತಿತ್ತು ಮಾರಾಯ್ರೆ. ನೀವು ಎರಡನೇ ಸಲ ಅಂದ ಕೂಡ್ಲೆ ನನ್ನ ಬೆರಳು ಬಿಗಿಯಾಗಿ ಹಿಡ್ಕೊಳ್ಳೋರು. ಮೂರನೇ ಸಲ ಅಂತ ನೀವು ಕೂಗಿದ ಮೇಲೇ ಬಿಡೋರು. ಮಗನಿಗೂ ಕಲಿಸಿ ಅಂತ ನಾನೇ ಒಂದು ಸಲ ಅಂದಿದ್ದೆ. ಅವನಿಗೆ ಅಂಥಾ ಗಂಟಲೈತಿ, ಅವನಿಗ್ಯಾಕೋ ಬೆರಳು ಅಂದ್ರು.’

ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು. ‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದೆ.

ಅವನು ಏನೋ ಅಂದ. ಎಷ್ಟು ಮೆತ್ತಗೆ ಅಂದನೆಂದರೆ ನಾನೂ ತಲೆ ಮುಂದೆ ಬಾಗಿಸಬೇಕಾಯಿತು.

‘ಹೊಟ್ಟೆಕಿಚ್ಚು’ ಎಂದು ಮತ್ತೆ ಹೇಳಿದ.

ಅಪ್ಪ ನನ್ನ ಕೂಗಿಗೆ ಕಿವಿಗೊಟ್ಟು ಕೂತಿರುತ್ತಿದ್ದ ಎಂದು ತಿಳಿದ ಮೇಲೆ ನನ್ನ ಹೊಟ್ಟೆಯ ಉರಿ ತಣ್ಣಗಾಗಬೇಕಿತ್ತು. ಆಗಿಲ್ಲ. ನಾನು ಮೈಕ್ ಹಿಡಿದು ಕೂಗುತ್ತಿದ್ದಾಗ ಅಪ್ಪನ ಮುಖ ಹೇಗಿರುತ್ತಿತ್ತು ಎಂದು ನೋಡಿದವನೂ ಅವನೇ.